ಟಿಡ್ಲಿವಿಕಿಯಲ್ಲಿ ಕಾನ್‌ಬಾನ್ ಬೋರ್ಡ್ ಹೇಗೆ ಮಾಡೋದು ಅಂತ ಕೇಳಿದವರಿಗೆ

ಐದು ಜನರ ತಂಡಕ್ಕೆ ಟಿಡ್ಲಿವಿಕಿಯಲ್ಲಿ, ಅಂದರೆ ಟಿಪ್ಪಣಿ ಬರೆದಿಡುವ ಆ ಸಾಫ್ಟ್‌ವೇರಿನಲ್ಲಿ, ಕಾನ್‌ಬಾನ್ ಬೋರ್ಡ್ (ಒಂದೊಂದು ಕೆಲಸಕ್ಕೂ ಕಾರ್ಡ್ ಮಾಡಿ ‘ಬಾಕಿ’, ‘ನಡೀತಿದೆ’, ‘ಮುಗೀತು’ ಅಂತ ಸರಿಸುವ ಹಲಗೆ) ಬೇಕು ಅಂದಿದ್ದೀರಿ. ಬೋರ್ಡ್ ಆಮೇಲೆ ನೋಡೋಣ. ನಾನೂ ಅಲ್ಲಿಂದಲೇ ಶುರು ಮಾಡಿದ್ದೆ.

ಶಿರಸಿಯಲ್ಲಿ ನಮ್ಮದು ಮನೆ ಕಟ್ಟುವ ಗುತ್ತಿಗೆ. ಕೆಲಸದ ಪಟ್ಟಿ ನೋಡಿಕೊಳ್ಳುವುದು ನಾನು. ಮಳೆ ಹಿಡಿದರೆ ಇಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬುವ ಹಾಗಿಲ್ಲ. ಇಡೀ ವಿಕಿ ಒಂದೇ ಎಚ್‌ಟಿಎಂಎಲ್ ಫೈಲಿನಲ್ಲಿ ಇರುತ್ತದೆ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸೈಟಿಗೆ ಹೋಗಬಹುದು ಅಂತ ಗೊತ್ತಾದಾಗ ನನಗೆ ಬೇರೇನೂ ಬೇಡ ಅನ್ನಿಸಿತು.

ಅದರಲ್ಲಿ ಒಂದೊಂದು ಟಿಪ್ಪಣಿಗೂ ಟಿಡ್ಲರ್ ಅನ್ನುತ್ತಾರೆ. ನಾನು ಒಂದು ಮನೆಗೆ ಒಂದು ಟಿಡ್ಲರ್ ಮಾಡಿದೆ. ಕೆಲಸಗಳನ್ನೆಲ್ಲ ಅದರೊಳಗೇ ಸಾಲಾಗಿ ಬರೆದೆ. ಕೆಟ್ಟಿದ್ದು ಅಲ್ಲೇ. ಟ್ಯಾಗ್ (ಗುಂಪು ಮಾಡಲು ಹಚ್ಚುವ ಹೆಸರು), ಫೀಲ್ಡ್ (ತಾರೀಕಿನಂಥ ವಿವರ ತುಂಬುವ ಜಾಗ) ಇರುವುದು ಟಿಡ್ಲರಿಗೆ, ಅದರೊಳಗಿನ ಸಾಲಿಗಲ್ಲ. ಫಿಲ್ಟರ್ ಕೂಡ ಟಿಡ್ಲರುಗಳನ್ನೇ ಆರಿಸಿ ಕೊಡುತ್ತದೆ. ಮುಖಪುಟದಲ್ಲಿ ‘ಈ ವಾರ ಬಾಕಿ’ ಅಂತ ಚೆಂದದ ಪಟ್ಟಿ ಇತ್ತು, ಅದರಲ್ಲಿ ‘ಸ್ಲ್ಯಾಬ್’ ಅಂತ ಮಾತ್ರ ಬರುತ್ತಿತ್ತು. ‘ಹಿಂದಿನ ಕೋಣೆಗೆ ಕರೆಂಟ್ ಪೈಪ್ ಬಾಕಿ, ಎಲೆಕ್ಟ್ರಿಷಿಯನ್‌ಗೆ ಫೋನ್’ ಅನ್ನುವುದು ಆ ಮನೆಯ ಟಿಡ್ಲರಿನ ಒಳಗೆ, ಸಿಮೆಂಟಿನ ಲೆಕ್ಕದ ಕೆಳಗಿತ್ತು. ಮಳೆಗೆ ಮುಂಚೆ ಮುಗಿಸಬೇಕು ಅಂತ ಎಲ್ಲರಿಗೂ ಅವಸರ. ಕಂಬಿ ಕಟ್ಟಿ ಆಗಿತ್ತು, ಬೆಳಗ್ಗೆ ಕಾಂಕ್ರೀಟ್ ಬಿತ್ತು. ಆ ಕೋಣೆಗೆ ಪೈಪೂ ಇಲ್ಲ, ಫ್ಯಾನ್ ಬಾಕ್ಸೂ ಇಲ್ಲ. ಕೊನೆಗೆ ಹೊಸ ಮನೆಯ ಸ್ಲ್ಯಾಬಿನ ಕೆಳಗೆ ಕೇಸಿಂಗ್ ಪಟ್ಟಿ ಹೊಡೆದು ವೈರ್ ಎಳೆದೆವು, ಖರ್ಚು ನಮ್ಮ ಮೇಲೆ ಬಂತು, ಯಜಮಾನರು ಇವತ್ತಿಗೂ ಆ ಪಟ್ಟಿ ತೋರಿಸುತ್ತಾರೆ.

ಹಾಗಾಗಿ ಹೇಳುತ್ತೇನೆ, ಒಂದು ಕೆಲಸಕ್ಕೆ ಒಂದು ಟಿಡ್ಲರ್. ಎಷ್ಟೇ ಸಣ್ಣ ಕೆಲಸ ಆದರೂ, ಬರೀ ಒಂದು ಫೋನ್ ಆದರೂ ಸರಿ. ಮನೆಯ ಹೆಸರು ಟ್ಯಾಗ್. ಯಾರು, ಯಾವಾಗ ಅನ್ನುವುದು ಫೀಲ್ಡ್. ತಾರೀಕನ್ನು 20260518 ಅಂತ ವರ್ಷ, ತಿಂಗಳು, ದಿನ ಕೂಡಿಸಿ ಬರೆಯಿರಿ, ದಿನ ಮೊದಲು ಬರೆದರೆ ಸಾಲು ಅಡ್ಡಾದಿಡ್ಡಿ ಬರುತ್ತದೆ. ಇನ್ನೊಂದು ಫೀಲ್ಡ್ ಬೇಕೇ ಬೇಕು: ‘ಇದಕ್ಕೆ ಮುಂಚೆ’. ಸ್ಲ್ಯಾಬಿನ ಟಿಡ್ಲರಿನಲ್ಲಿ ಆ ಜಾಗದಲ್ಲಿ ಪೈಪಿನ ಟಿಡ್ಲರಿನ ಹೆಸರು ಇರಬೇಕು. ಬೋರ್ಡಿನಲ್ಲಿ ಕಾರ್ಡನ್ನು ಈ ಕಡೆಯಿಂದ ಆ ಕಡೆಗೆ ಸರಿಸಬಹುದು, ಆದರೆ ಯಾವುದು ನಿಂತರೆ ಯಾವುದು ನಿಲ್ಲುತ್ತದೆ ಅಂತ ಅದು ತಾನಾಗಿ ಹೇಳುವುದಿಲ್ಲ, ಮನೆ ಕಟ್ಟುವಾಗ ಬೇಕಾದದ್ದು ಅದೇ ಅಲ್ವಾ.

ಇನ್ನು ಐದೂ ಜನ ಬರೆಯುವ ವಿಚಾರ. ಒಂದೇ ಫೈಲನ್ನು ಇಬ್ಬರು ತೆರೆದು ಬರೆದರೆ ಕೊನೆಗೆ ಸೇವ್ ಮಾಡಿದವರದ್ದು ಉಳಿಯುತ್ತದೆ, ಇನ್ನೊಬ್ಬರದ್ದು ಹೋಯಿತು. ನಮ್ಮಲ್ಲಿ ಬರೆಯುವುದು ನಾನೊಬ್ಬಳೇ. ಮೇಸ್ತ್ರಿ ಸಂಜೆ ಫೋನ್ ಮಾಡುತ್ತಾರೆ, ನಾನು ತಿದ್ದಿ, ಆ ದಿನದ ಹೆಸರಿನಲ್ಲಿ ಒಂದು ಕಾಪಿ ತೆಗೆದಿಡುತ್ತೇನೆ. ನಿಮ್ಮಲ್ಲಿ ಹಾಗೆ ಒಬ್ಬರು ಸಿಗದೇ ಇದ್ದರೆ, ಐದೂ ಜನ ಒಟ್ಟಿಗೇ ಬರೆಯಬೇಕು ಅಂತಿದ್ದರೆ, ಒಂದೇ ಫೈಲಿನ ಟಿಡ್ಲಿವಿಕಿ ಬೇಡ. ಎಲ್ಲರೂ ಒಟ್ಟಿಗೆ ತಿದ್ದಬಹುದಾದ ಆನ್‌ಲೈನ್ ಶೀಟ್ ಸಾಕು, ಈ ಫೀಲ್ಡುಗಳನ್ನೇ ಕಾಲಮ್ ಮಾಡಿಕೊಳ್ಳಿ.