ವೈಫೈ ಇರುವ ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಲ್ಯಾನ್ ಕೇಬಲ್‌ನಲ್ಲಿ ಇಂಟರ್ನೆಟ್ ಕೊಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಲಿನಕ್ಸ್ ಮಿಂಟ್ ಇರುವ ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ವೈಫೈ ಬರುತ್ತಿದೆ. ಡೆಬಿಯನ್ (ಇನ್ನೊಂದು ಲಿನಕ್ಸ್) ಹಾಕಿದ ಹಳೆಯ ಡೆಸ್ಕ್‌ಟಾಪ್‌ನಲ್ಲಿ ವೈಫೈ ಇಲ್ಲ, ರೂಟರ್ ಇರುವುದು ಬೇರೆ ಕೋಣೆಯಲ್ಲಿ. ಎರಡರ ನಡುವೆ ಲ್ಯಾನ್ ಕೇಬಲ್ ಹಾಕಿ, ಲ್ಯಾಪ್‌ಟಾಪ್‌ಗೆ 192.168.1.10, ಡೆಸ್ಕ್‌ಟಾಪ್‌ಗೆ 192.168.1.11, ಎರಡಕ್ಕೂ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 192.168.1.1 ಅಂತ ನೀವೇ ಟೈಪ್ ಮಾಡಿದ್ದೀರಿ. ಡೆಸ್ಕ್‌ಟಾಪ್‌ಗೆ ನೆಟ್ ಬರಲಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದೂ ಹೋಯಿತು.

ಲ್ಯಾಪ್‌ಟಾಪ್‌ನದ್ದು ಯಾಕೆ ಹೋಯಿತು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಟರ್ಮಿನಲ್ ತೆರೆದು ‘ಐಪಿ ರೂಟ್’ ಕೊಟ್ಟು ನೋಡಿ. (ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಆಜ್ಞೆಗಳಲ್ಲಿ ‘ರೂಟ್’ ಅಂದರೆ ದಾರಿ ಎಂಬ ಅರ್ಥದ ಪದ.) ‘ಡೀಫಾಲ್ಟ್’ ಅಂತ ಶುರುವಾಗುವ ಎರಡು ಸಾಲು ಕಾಣಿಸುತ್ತವೆ. ಒಂದರ ಕೊನೆಯಲ್ಲಿ ಮೆಟ್ರಿಕ್ 100, ಇನ್ನೊಂದರಲ್ಲಿ 600. ಸಂಪರ್ಕಗಳನ್ನೆಲ್ಲ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಮ್ ಕೇಬಲ್‌ಗೆ 100, ವೈಫೈಗೆ 600 ಕೊಡುತ್ತದೆ. ಸಂಖ್ಯೆ ಕಡಿಮೆ ಇದ್ದ ದಾರಿಗೇ ಮೊದಲ ಮಣೆ. ಹಾಗಾಗಿ ಲ್ಯಾಪ್‌ಟಾಪ್ ಇಂಟರ್ನೆಟ್ಟಿಗೆ ಹೋಗಬೇಕಾದ ಪ್ರತಿ ಪ್ಯಾಕೆಟ್ಟನ್ನೂ ಕೇಬಲ್‌ಗೆ ತಳ್ಳಿ, ‘192.168.1.1 ಯಾರಪ್ಪಾ?’ ಅಂತ ಕೂಗುತ್ತಿದೆ. ಆ ತುದಿಯಲ್ಲಿ ಇರುವುದು ನಿಮ್ಮ ಡೆಸ್ಕ್‌ಟಾಪ್ ಒಂದೇ, ಅದು 192.168.1.11. ಉತ್ತರ ಕೊಡುವವರೇ ಇಲ್ಲ. ಗೇಟ್‌ವೇ ಅಳಿಸಿದರೂ ಸರಿಹೋಗುವುದಿಲ್ಲ, ಏಕೆಂದರೆ ವೈಫೈ ಕಡೆಯೂ ಕೇಬಲ್ ಕಡೆಯೂ ಒಂದೇ 192.168.1 ಸರಣಿ. ರೂಟರ್ ಯಾವ ಕಡೆ ಇದೆ ಅಂತ ಲ್ಯಾಪ್‌ಟಾಪ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಆದ್ದರಿಂದ ಕೈಯಾರೆ ಕೊಟ್ಟ ಐಪಿಗಳನ್ನೆಲ್ಲ ಎರಡೂ ಕಡೆ ತೆಗೆದುಹಾಕಿ. ಐಪಿಟೇಬಲ್ಸ್‌ನ (ಪ್ಯಾಕೆಟ್‌ಗಳಿಗೆ ನಿಯಮ ಹಾಕುವ ಆಜ್ಞೆ) ನಾಲ್ಕು ಸಾಲು ಟೈಪ್ ಮಾಡಿ ಅಂತ ಹೇಳುವ ಹಳೆಯ ಪುಟಗಳನ್ನೂ ಸದ್ಯಕ್ಕೆ ಮುಚ್ಚಿಡಿ. ಅವು ತಪ್ಪಲ್ಲ, ಆದರೆ ರೀಬೂಟ್ ಮಾಡಿದರೆ ಆ ಸಾಲುಗಳು ಮಾಯ. ಅದೇ ಕೆಲಸವನ್ನು ನೆಟ್‌ವರ್ಕ್ ಮ್ಯಾನೇಜರ್ ಒಂದೇ ಆಯ್ಕೆಯಲ್ಲಿ ಮಾಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಕೆಳಗಿನ ಪಟ್ಟಿಯ ನೆಟ್‌ವರ್ಕ್ ಚಿಹ್ನೆ ಒತ್ತಿ ‘ನೆಟ್‌ವರ್ಕ್ ಕನೆಕ್ಷನ್ಸ್’ ತೆರೆಯಿರಿ. ಈಗಾಗಲೇ ಇರುವ ‘ವೈರ್ಡ್ ಕನೆಕ್ಷನ್ 1’ರಲ್ಲಿ ಕೈಯಾರೆ ಕೊಟ್ಟ ಐಪಿ ತೆಗೆದ ಮೇಲೆ ಅದನ್ನು ಮತ್ತೆ ಮುಟ್ಟಬೇಡಿ. ಪ್ಲಸ್ ಗುರುತು ಒತ್ತಿ ಹೊಸ ಈಥರ್ನೆಟ್ ಪ್ರೊಫೈಲ್ ಮಾಡಿ, ‘ಡೆಸ್ಕ್‌ಟಾಪ್‌ಗೆ’ ಅಂತಲೋ ಏನೋ ಗುರುತು ಸಿಗುವ ಹೆಸರಿಡಿ. ಜನರಲ್ ಟ್ಯಾಬ್‌ನಲ್ಲಿ ತಾನಾಗಿ ಕನೆಕ್ಟ್ ಆಗುವ ಟಿಕ್ ತೆಗೆಯಿರಿ. ಐಪಿವಿ4 ಟ್ಯಾಬ್‌ನಲ್ಲಿ ಮೆಥಡ್ ಅನ್ನುವಲ್ಲಿ ‘ಶೇರ್ಡ್ ಟು ಅದರ್ ಕಂಪ್ಯೂಟರ್ಸ್’ ಆರಿಸಿ. ವಿಳಾಸದ ಜಾಗ ಖಾಲಿ ಇರಲಿ. ಐಪಿವಿ6 ಅನ್ನು ‘ಇಗ್ನೋರ್’ ಮಾಡಿ, ಸೇವ್ ಮಾಡಿ, ಚಿಹ್ನೆಯ ಪಟ್ಟಿಯಿಂದ ಈ ಪ್ರೊಫೈಲ್ ಆರಿಸಿ. ಡೆಸ್ಕ್‌ಟಾಪ್‌ನಲ್ಲಿ ಕೇಬಲ್ಲಿನ ಮೆಥಡ್ ‘ಆಟೊಮ್ಯಾಟಿಕ್, ಡಿಎಚ್‌ಸಿಪಿ’ (ಐಪಿಯನ್ನು ತಾನೇ ಕೇಳಿ ಪಡೆಯುವುದು) ಆಗಿದ್ದರೆ ಸಾಕು. ಎರಡೂ ಕಡೆ ‘ಶೇರ್ಡ್’ ಇಡುವವರು ಬಹಳ. ಹಾಗೆ ಇಟ್ಟರೆ ಇಬ್ಬರೂ ಯಜಮಾನರಾಗಿ ಕೂರುತ್ತಾರೆ, ಐಪಿ ಬೇಡುವವರು ಯಾರೂ ಇರುವುದಿಲ್ಲ.

ಇಷ್ಟಾದ ಮೇಲೆ ಒಳಗೆ ನಡೆಯುವುದು ಏನೆಂದರೆ, ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟ್‌ಗೆ 10.42.0.1 ವಿಳಾಸ ಬರುತ್ತದೆ. ಡಿಎನ್ಎಸ್‌ಮಾಸ್ಕ್ ಎಂಬ ಪುಟ್ಟ ಪ್ರೋಗ್ರಾಮ್ ಎದ್ದು ಡೆಸ್ಕ್‌ಟಾಪ್‌ಗೆ ಅದೇ ಸರಣಿಯ ವಿಳಾಸ ಹಂಚುತ್ತದೆ, ಸೈಟ್‌ಗಳ ಹೆಸರಿಗೆ ಐಪಿ ಹುಡುಕುವ ಕೆಲಸವನ್ನೂ (ಡಿಎನ್ಎಸ್) ನೋಡಿಕೊಳ್ಳುತ್ತದೆ. ಕರ್ನಲ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಕಡೆಯ ಪ್ಯಾಕೆಟ್ಟನ್ನು ಇನ್ನೊಂದು ಕಡೆಗೆ ದಾಟಿಸುವುದು) ಆನ್ ಆಗುತ್ತದೆ. ಡೆಸ್ಕ್‌ಟಾಪ್‌ನಿಂದ ಬಂದದ್ದೆಲ್ಲ ಲ್ಯಾಪ್‌ಟಾಪ್‌ನ ವೈಫೈ ವಿಳಾಸದಲ್ಲೇ ಹೊರಗೆ ಹೋಗುವಂತೆ ಮಾಸ್ಕರೇಡ್ ನಿಯಮ ಕೂರುತ್ತದೆ. ರೂಟರ್‌ಗೆ ಕಾಣುವುದು ನಿಮ್ಮ ಲ್ಯಾಪ್‌ಟಾಪ್ ಮಾತ್ರ. ಹಾಸ್ಟೆಲ್, ಪಿಜಿಗಳಲ್ಲಿ ಬ್ರೌಸರ್‌ನಲ್ಲಿ ಲಾಗಿನ್ ಕೇಳುವ ವೈಫೈ ಇದ್ದರೂ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಲಾಗಿನ್ ಆದರೆ ಡೆಸ್ಕ್‌ಟಾಪ್‌ಗೂ ನೆಟ್ ಬರುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಯಾಕೆ, ವೈಫೈಯನ್ನೂ ಲ್ಯಾನನ್ನೂ ಬ್ರಿಡ್ಜ್ ಮಾಡಿ (ಒಂದೇ ನೆಟ್‌ವರ್ಕ್ ಆಗಿ ಜೋಡಿಸಿ) ಅಂತ ಯಾರಾದರೂ ಹೇಳಿದರೆ ಆ ಗೋಜಿಗೆ ಹೋಗಬೇಡಿ. ಸಾಮಾನ್ಯ ವೈಫೈ ಕ್ಲೈಂಟ್ ಕಳಿಸುವ ಫ್ರೇಮ್‌ನಲ್ಲಿ ಮೂರು ವಿಳಾಸಕ್ಕಷ್ಟೇ ಜಾಗ. ಬೆನ್ನ ಹಿಂದಿರುವ ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸವನ್ನು (ಲ್ಯಾನ್ ಕಾರ್ಡಿನ ಸ್ವಂತ ಗುರುತು) ಪ್ರತ್ಯೇಕವಾಗಿ ಬರೆಯಲು ಆಗುವುದಿಲ್ಲ, ತನ್ನ ಬಳಿ ಕನೆಕ್ಟ್ ಆಗದ ಮ್ಯಾಕ್‌ನಿಂದ ಬಂದದ್ದನ್ನು ರೂಟರ್ ಎಸೆಯುತ್ತದೆ.

ಇನ್ನು ಹೊಸ ಪ್ರೊಫೈಲ್ ಮಾಡಿ, ಆಟೋಕನೆಕ್ಟ್ ತೆಗೆಯಿರಿ ಅಂದದ್ದು ಯಾಕೆ? ‘ವೈರ್ಡ್ ಕನೆಕ್ಷನ್ 1’ ಅನ್ನೇ ಶೇರ್ಡ್ ಮಾಡಿ ಮರೆತುಬಿಟ್ಟಿರಿ ಅನ್ನಿ. ಮುಂದಿನ ತಿಂಗಳು ಅದೇ ಲ್ಯಾಪ್‌ಟಾಪನ್ನು ಆಫೀಸಿನ ಲ್ಯಾನ್‌ಗೋ, ಮನೆಯ ರೂಟರ್‌ನ ಹಿಂದಿನ ಪೋರ್ಟ್‌ಗೋ ಚುಚ್ಚುತ್ತೀರಿ. ಆ ಕ್ಷಣದಿಂದ ಅಲ್ಲಿ ಇಬ್ಬರು ಐಪಿ ಹಂಚುವವರು. ಯಾರ ಉತ್ತರ ಮೊದಲು ಮುಟ್ಟಿತೋ ಅದನ್ನೇ ಫೋನು, ಟಿವಿ, ಪಕ್ಕದವರ ಕಂಪ್ಯೂಟರ್ ಹಿಡಿದುಕೊಳ್ಳುತ್ತವೆ. ಕೆಲವಕ್ಕೆ 10.42.0 ವಿಳಾಸ ಸಿಕ್ಕು, ನಿಮ್ಮ ಲ್ಯಾಪ್‌ಟಾಪೇ ಹೆಬ್ಬಾಗಿಲು ಅಂತ ನಂಬಿ ಕೂರುತ್ತವೆ. ನೀವು ಲ್ಯಾಪ್‌ಟಾಪ್ ಮಡಚಿ ಎದ್ದರೆ ಅವಕ್ಕೆಲ್ಲ ನೆಟ್ ಇಲ್ಲ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಆಫೀಸಿನಲ್ಲಿ ಇದನ್ನು ಮಾಡಿದರೆ ಸಿಸ್ಟಮ್ ಅಡ್ಮಿನ್ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ನೆಟ್ ಬಾರದಿದ್ದರೆ ಡೆಸ್ಕ್‌ಟಾಪ್ ಮುಂದೆ ಕೂತು ಹತ್ತಿರದಿಂದ ದೂರಕ್ಕೆ ಹೋಗಿ. ಮೊದಲು ಪೋರ್ಟ್ ಪಕ್ಕದ ದೀಪ ನೋಡಿ, ಉರಿಯದಿದ್ದರೆ ಕೇಬಲ್ಲೇ ಸರಿಯಿಲ್ಲ. ಈಗಿನ ಗಿಗಾಬಿಟ್ ಪೋರ್ಟ್‌ಗಳಿಗೆ ಕ್ರಾಸ್ಓವರ್ ಕೇಬಲ್ ಬೇಕಿಲ್ಲ, ತಾವೇ ತಂತಿ ಅದಲುಬದಲು ಮಾಡಿಕೊಳ್ಳುತ್ತವೆ. ಎರಡೂ ಕಡೆ ತೀರಾ ಹಳೆಯ 100 ಎಂಬಿಪಿಎಸ್ ಕಾರ್ಡ್ ಇದ್ದರೆ ಮಾತ್ರ ಬೇಕಾಗಬಹುದು. ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ದೀಪ ಬಂದು ಹೋಗಿ ಮಾಡುತ್ತದೆ.

ದೀಪ ಇದೆ, ಆದರೆ ‘ಕನೆಕ್ಟಿಂಗ್’ ಅಂತ ಸುಮಾರು 45 ಸೆಕೆಂಡ್ ಸುತ್ತಿ ಸೋತು ನಿಲ್ಲುತ್ತದೆ ಅಂದರೆ ಐಪಿ ಬಂದಿಲ್ಲ. ಡೆಬಿಯನ್‌ನಲ್ಲಿ ‘ಡಿವೈಸ್ ನಾಟ್ ಮ್ಯಾನೇಜ್ಡ್’ ಅಂತ ತೋರಿಸಿದರೆ ‘ಇಟಿಸಿ’ ಫೋಲ್ಡರ್‌ನ ಒಳಗಿನ ‘ನೆಟ್‌ವರ್ಕ್’ನಲ್ಲಿ ‘ಇಂಟರ್‌ಫೇಸಸ್’ ಎಂಬ ಕಡತ ನೋಡಿ. ಅದರಲ್ಲಿ ನಿಮ್ಮ ಲ್ಯಾನ್ ಕಾರ್ಡಿನ ಹೆಸರಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಅದನ್ನು ಮುಟ್ಟುವುದಿಲ್ಲ. ಆ ಸಾಲುಗಳ ಮುಂದೆ ಹ್ಯಾಶ್ ಹಾಕಿ ರೀಬೂಟ್ ಮಾಡಿ. ‘ಲೋ’ (ಕಂಪ್ಯೂಟರ್ ತನ್ನೊಳಗೇ ಮಾತಾಡಿಕೊಳ್ಳುವ ದಾರಿ) ಇರುವ ಸಾಲುಗಳು ಹಾಗೇ ಇರಲಿ. ಲ್ಯಾಪ್‌ಟಾಪ್ ಕಡೆಯಲ್ಲಾದರೆ ಬೇಕಾದದ್ದು ಡಿಎನ್ಎಸ್‌ಮಾಸ್ಕ್-ಬೇಸ್ ಪ್ಯಾಕೇಜ್ ಮಾತ್ರ. ಎಲ್ಲೋ ಓದಿ ಪೂರ್ತಿ ಡಿಎನ್ಎಸ್‌ಮಾಸ್ಕ್ ಹಾಕಿದ್ದರೆ ಅದು ಸರ್ವಿಸ್ ಆಗಿ ಓಡುತ್ತಾ ಡಿಎನ್ಎಸ್‌ಗೆ ಮೀಸಲಾದ 53ನೇ ಪೋರ್ಟ್ ಹಿಡಿದು ಕೂತಿರುತ್ತದೆ, ಶೇರ್ಡ್ ಪ್ರೊಫೈಲ್ ಎದ್ದ ಕೂಡಲೇ ಬಿದ್ದುಹೋಗುತ್ತದೆ. ಜರ್ನಲ್‌ನಲ್ಲಿ (ಸಿಸ್ಟಮ್‌ನ ಲಾಗ್) ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಕಂಡರೆ ಇದೇ ಕಥೆ. ಆ ಪ್ಯಾಕೇಜ್ ತೆಗೆದುಬಿಡಿ.

ಐಪಿ ಬಂದಿದ್ದರೆ ಪಿಂಗ್ 10.42.0.1 ಕೊಡಿ, ಆಮೇಲೆ ಪಿಂಗ್ 8.8.8.8 (ಇಂಟರ್ನೆಟ್ಟಿನಲ್ಲಿರುವ ಗೂಗಲ್‌ನ ಸರ್ವರ್). ಎರಡಕ್ಕೂ ಉತ್ತರ ಬಂದು ಸೈಟ್ ಮಾತ್ರ ತೆರೆಯದಿದ್ದರೆ ತೊಂದರೆ ಹೆಸರು ಹುಡುಕುವುದರಲ್ಲಿ. ತಾತ್ಕಾಲಿಕವಾಗಿ ಡೆಸ್ಕ್‌ಟಾಪ್‌ನ ಡಿಎನ್ಎಸ್ ಜಾಗದಲ್ಲಿ 1.1.1.1 ಹಾಕಿ. ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ ಪ್ಯಾಕೆಟ್ ಲ್ಯಾಪ್‌ಟಾಪ್‌ವರೆಗೆ ಬಂದು ಅಲ್ಲೇ ಸಾಯುತ್ತಿದೆ. ಹೆಚ್ಚಿನ ಸಲ ಇದು ಫೈರ್‌ವಾಲ್ ಕೆಲಸ.

ಇದು ಜನರನ್ನು ಗಂಟೆಗಟ್ಟಲೆ ಸತಾಯಿಸುವ ಜಾಗ. ಯುಎಫ್‌ಡಬ್ಲ್ಯು (ಮಿಂಟ್‌ನ ಫೈರ್‌ವಾಲ್) ಆನ್ ಇದ್ದರೆ, ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವ ಪ್ಯಾಕೆಟ್‌ಗಳನ್ನು ಅದು ಮೊದಲಿನಿಂದಲೇ ತಡೆಯುತ್ತದೆ. ನೆಟ್‌ವರ್ಕ್ ಮ್ಯಾನೇಜರ್ ‘ಬಿಡು’ ಅಂತ ಬರೆದಿದ್ದರೂ ಅದು ಎನ್ಎಫ್‌ಟೇಬಲ್ಸ್‌ನ (ಐಪಿಟೇಬಲ್ಸ್‌ನ ಜಾಗಕ್ಕೆ ಬಂದದ್ದು) ತನ್ನದೇ ಟೇಬಲ್‌ನಲ್ಲಿ ಇದ್ದರೆ ಪ್ರಯೋಜನ ಇಲ್ಲ. ಒಂದರ ಹಿಂದೆ ಒಂದು ಎರಡು ಗೇಟ್ ಇರುವ ಕಾಂಪೌಂಡ್ ಇದ್ದ ಹಾಗೆ, ಒಬ್ಬ ವಾಚ್‌ಮನ್ ಬಿಟ್ಟರೂ ಇನ್ನೊಬ್ಬ ತಡೆದರೆ ಒಳಗೆ ಹೋಗಲಾಗದು. ಪರೀಕ್ಷೆಗೆ ಒಂದು ನಿಮಿಷ ‘ಸುಡೋ ಯುಎಫ್‌ಡಬ್ಲ್ಯು ಡಿಸೇಬಲ್’ ಮಾಡಿ. ನೆಟ್ ಬಂದರೆ ಕಾರಣ ಸಿಕ್ಕಿತು, ಮತ್ತೆ ಆನ್ ಮಾಡಿ ಎರಡು ನಿಯಮ ಸೇರಿಸಿ. ‘ಸುಡೋ ಯುಎಫ್‌ಡಬ್ಲ್ಯು ಅಲೋ ಇನ್ ಆನ್’, ಮುಂದೆ ಲ್ಯಾನ್ ಕಾರ್ಡಿನ ಹೆಸರು. ಐಪಿ ಮತ್ತು ಡಿಎನ್ಎಸ್ ಕೇಳಲು ಇದು. ಇನ್ನೊಂದು ‘ಸುಡೋ ಯುಎಫ್‌ಡಬ್ಲ್ಯು ರೂಟ್ ಅಲೋ ಇನ್ ಆನ್’, ಲ್ಯಾನ್ ಹೆಸರು, ‘ಔಟ್ ಆನ್’, ವೈಫೈ ಹೆಸರು. ಹೆಸರುಗಳು ‘ಐಪಿ ಲಿಂಕ್’ ಕೊಟ್ಟರೆ ಸಿಗುತ್ತವೆ: ಲ್ಯಾನ್‌ನದ್ದು ಸಾಮಾನ್ಯವಾಗಿ ಇ, ಎನ್ ಅಕ್ಷರಗಳಿಂದ, ವೈಫೈನದ್ದು ಡಬ್ಲ್ಯು, ಎಲ್ ಅಕ್ಷರಗಳಿಂದ ಶುರು.

ಯುಎಫ್‌ಡಬ್ಲ್ಯು ಇಲ್ಲದಿದ್ದರೂ ಡಾಕರ್ (ಪ್ರೋಗ್ರಾಮ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಹಾಕಿದ್ದೀರಾ ನೋಡಿ. ಅದು ಫಾರ್ವರ್ಡ್ ಸರಪಳಿಯ ಪಾಲಿಸಿಯನ್ನು ಡ್ರಾಪ್ ಮಾಡಿ ಇಡುತ್ತದೆ, ಲಕ್ಷಣ ಹುಬೇಹೂಬು ಇದೇ. ಲ್ಯಾನ್‌ನಿಂದ ವೈಫೈಗೆ, ವೈಫೈನಿಂದ ಲ್ಯಾನ್‌ಗೆ ಬಿಡುವ ನಿಯಮಗಳನ್ನು ‘ಡಾಕರ್-ಯೂಸರ್’ ಸರಪಳಿಯಲ್ಲಿ ಸೇರಿಸಬೇಕು. ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಆನ್ ಇದ್ದರೆ ಡೆಸ್ಕ್‌ಟಾಪ್‌ನದ್ದೂ ಅದರೊಳಗೇ ಹೋಗುತ್ತದೆ. ಕಿಲ್ ಸ್ವಿಚ್ (ವಿಪಿಎನ್ ಬಿಟ್ಟು ಹೊರಗೆ ಹೋಗುವುದನ್ನು ತಡೆಯುವ ಆಯ್ಕೆ) ಇದ್ದರೆ ನಿಂತೇ ಹೋಗಬಹುದು.

ವೇಗ ಕಡಿಮೆ ಅನ್ನಿಸಿದರೆ ಮೊದಲು ‘ಈಥ್‌ಟೂಲ್’ ಜೊತೆ ಲ್ಯಾನ್ ಹೆಸರು ಕೊಟ್ಟು ಸ್ಪೀಡ್ ಸಾಲು ನೋಡಿ. 1000ರ ಬದಲು 100 ಇದ್ದರೆ ಕೇಬಲ್‌ನ 8 ತಂತಿಗಳಲ್ಲಿ ಯಾವುದೋ ಕೂತಿಲ್ಲ. 100ಕ್ಕೆ ಕಿತ್ತಳೆ, ಹಸಿರು ಜೋಡಿ ಸಾಕು. ಗಿಗಾಬಿಟ್‌ಗೆ ನೀಲಿ, ಕಂದು ಜೋಡಿಯೂ ಬೇಕು. ಮನೆ ಬ್ರೌಸಿಂಗ್‌ಗೆ 100 ಸಾಕಾದೀತು, ಅದಕ್ಕಾಗಿ ಹೊಸ ಕೇಬಲ್ ಕೊಳ್ಳಬೇಕಿಲ್ಲ.

ಈ ವ್ಯವಸ್ಥೆಯಲ್ಲಿ ಆಗದ ಕೆಲಸವೂ ಇದೆ. ಡೆಸ್ಕ್‌ಟಾಪ್‌ನಿಂದ ವೈಫೈ ಪ್ರಿಂಟರ್‌ಗೆ ಅದರ ಐಪಿ ಕೊಟ್ಟು ಪ್ರಿಂಟ್ ಮಾಡಬಹುದು, ಆದರೆ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣುವುದಿಲ್ಲ. ಫೋನ್‌ನಿಂದ ಡೆಸ್ಕ್‌ಟಾಪ್‌ಗೆ ನೇರವಾಗಿ ಕನೆಕ್ಟ್ ಆಗಲೂ ಬರುವುದಿಲ್ಲ. ಅದೇ ಮುಖ್ಯವಾಗಿದ್ದರೆ ಯುಎಸ್‌ಬಿ ವೈಫೈ ಡಾಂಗಲ್ ಒಳ್ಳೆಯದು. ಕೊಳ್ಳುವ ಮುಂಚೆ ಅದರ ಚಿಪ್‌ಗೆ ಕರ್ನಲ್‌ನಲ್ಲೇ ಡ್ರೈವರ್ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಡ್ರೈವರ್ ಕಂಪೈಲ್ ಮಾಡುವ ಪಾಡು.

ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿದರೆ ಅದು ನಿದ್ದೆಗೆ ಹೋಗಿ ಡೆಸ್ಕ್‌ಟಾಪ್‌ನ ಡೌನ್‌ಲೋಡ್ ಮಧ್ಯದಲ್ಲೇ ನಿಲ್ಲುತ್ತದೆ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ಚಾರ್ಜರ್ ಹಾಕಿದ್ದಾಗ ಮುಚ್ಚಳ ಮುಚ್ಚಿದರೆ ‘ಡೂ ನಥಿಂಗ್’ ಅಂತ ಇಡಿ.