ಗುಂಡಿ ನೋಡದೆ ರಿಸ್ಕ್ ಅಸೆಸ್‌ಮೆಂಟ್ ಬರೆಯಬೇಡಿ

ಮಣ್ಣು ಅಗೆಯುವ ಕೆಲಸದ ರಿಸ್ಕ್ ಅಸೆಸ್‌ಮೆಂಟ್ (ಕೆಲಸಕ್ಕೆ ಮುಂಚೆ ಅಪಾಯಗಳನ್ನೂ ಅವನ್ನು ತಡೆಯುವ ಕ್ರಮಗಳನ್ನೂ ಬರೆದಿಡುವ ಕಾಗದ) ಬಗ್ಗೆ ತಿರುಗಿ ತಿರುಗಿ ಅವೇ ಪ್ರಶ್ನೆಗಳು ಬರುತ್ತವೆ. ಒಂದು ನಮೂನೆ ಕಳಿಸಿ. ಎಷ್ಟು ಆಳದವರೆಗೆ ಏನೂ ಬೇಡ? ಮಣ್ಣು ಗಟ್ಟಿ ಇದೆ, ನಡೆಯುತ್ತಲ್ವಾ? ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಮತ್ತೆ ಬಂದಿವೆ, ಹಾಗಾಗಿ ಈ ಸಲ ಒಂದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಹಜಾರ್ಡ್ ಅಂದರೇನು, ರಿಸ್ಕ್ ಅಂದರೇನು ಅನ್ನುವಲ್ಲಿಂದ ಶುರು ಮಾಡುವುದಿಲ್ಲ. ಈ ಕಾಗದಕ್ಕೆ ಸಹಿ ಹಾಕುವವರಿಗೆ ಅದು ಗೊತ್ತಿರಲೇಬೇಕು.

ಪ್ರಶ್ನೆ: ಸರ್, ನಾನು ಸೈಟ್ ಇಂಜಿನಿಯರ್. ಒಳಚರಂಡಿ ಪೈಪಿಗೆ ಟ್ರೆಂಚ್ ತೋಡಬೇಕು, ಪಕ್ಕದಲ್ಲಿ ಹಳೇ ನೀರಿನ ಪೈಪ್ ಇದೆ. ಆಳ ಬರೀ 1.4 ಮೀಟರ್. ಮಣ್ಣು ಗಟ್ಟಿ ಇದೆ, ಮೇಸ್ತ್ರಿಯೂ ನಿಲ್ಲುತ್ತೆ ಅಂತಾರೆ. ಹಿಂದಿನ ಸೈಟಿನ ರಿಸ್ಕ್ ಅಸೆಸ್‌ಮೆಂಟಿನಲ್ಲಿ ಹೆಸರು, ತಾರೀಖು ಬದಲಿಸಿ ಬಳಸಿದರೆ ಸಾಕಲ್ವಾ? ಶೋರಿಂಗ್ (ಗೋಡೆ ಕುಸಿಯದಂತೆ ಕೊಡುವ ಆಸರೆ) ಬೇಡ ಅಂತ ಬರೆಯಬಹುದಾ? ಹಳೇ ಕಾಪಿ ಜೊತೆಗಿಟ್ಟಿದ್ದೇನೆ.

ಸಾಲದು. ಬರೆಯಲೂ ಬಾರದು.

ನಿಮ್ಮ ಕಾಪಿ ಓದಿದೆ. ಮೊದಲನೇ ಸಾಲು ಹೀಗಿದೆ: ಅಪಾಯ, ಮಣ್ಣು ಕುಸಿತ. ಸಂಭವ 3, ತೀವ್ರತೆ 5, ಗುಣಿಸಿದರೆ 15. ಕ್ರಮ: ಹೆಲ್ಮೆಟ್, ಟೂಲ್‌ಬಾಕ್ಸ್ ಟಾಕ್ (ಕೆಲಸಕ್ಕೆ ಮುಂಚಿನ ಸುರಕ್ಷತೆಯ ಮಾತು), ಎಚ್ಚರಿಕೆಯಿಂದ ಕೆಲಸ. ಕ್ರಮದ ನಂತರ ಸಂಭವ 1, ತೀವ್ರತೆ 2, ಗುಣಿಸಿದರೆ 2. ಕೆಂಪು ಇದ್ದ ಚೌಕ ಹಸಿರಾಗಿದೆ. ಈ ಮೂರು ಕ್ರಮಗಳಲ್ಲಿ ಮಣ್ಣನ್ನು ತಡೆಯುವುದು ಯಾವುದು ಹೇಳಿ? ಒಂದು ಘನ ಮೀಟರ್ ಮಣ್ಣು 1.6ರಿಂದ 2 ಟನ್ ತೂಗುತ್ತದೆ, ಒಂದು ಕಾರಿನಷ್ಟು. ಅದು ಮೈಮೇಲೆ ಬಿದ್ದಾಗ ಹೆಲ್ಮೆಟ್ ಹಾಕಿದ್ದರೆ ತೀವ್ರತೆ 5ರಿಂದ 2ಕ್ಕೆ ಇಳಿಯುತ್ತದೆಯೇ? ಎದೆ ಮಟ್ಟ ಹೂತರೂ ಸಾಕು, ತಲೆ ಹೊರಗಿದ್ದೂ ಮನುಷ್ಯ ಉಸಿರು ಎಳೆದುಕೊಳ್ಳಲಾರ. ಗೋಡೆ ಬೀಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಎಚ್ಚರಿಕೆಯಿಂದ ಇದ್ದವನಿಗೂ ಓಡಲು ಸಮಯ ಸಿಗುವುದಿಲ್ಲ.

ಈಗ ಆಳದ ವಿಷಯ. ಅಮೆರಿಕದಲ್ಲಿ ಕೆಲಸದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ 5 ಅಡಿ, ಅಂದರೆ ಸುಮಾರು 1.5 ಮೀಟರ್ ಅಂತ ಒಂದು ಅಂಕಿ ಇದೆ. ಅದಕ್ಕಿಂತ ಕಡಿಮೆ ಆಳಕ್ಕೆ ರಕ್ಷಣೆ ಬೇಡ ಅಂತ ಅಲ್ಲಿಂದ ಬಂದ ಮಾತು ಎಲ್ಲರ ಬಾಯಲ್ಲಿದೆ. ಆದರೆ ಅರ್ಧ ನಿಯಮ ಮಾತ್ರ. 5 ಅಡಿಗಿಂತ ಕಡಿಮೆ ಇದ್ದರೂ, ತಿಳಿದವರು ನೋಡಿ ಕುಸಿಯುವ ಲಕ್ಷಣ ಇಲ್ಲ ಅಂತ ಹೇಳಿದರೆ ಮಾತ್ರ ರಕ್ಷಣೆ ಬಿಡಬಹುದು ಅನ್ನುವುದು ಉಳಿದರ್ಧ. ಅದನ್ನು ಯಾರೂ ಹೇಳುವುದಿಲ್ಲ. ಇನ್ನೊಂದು ಮಾತು. ನಿಮ್ಮ ಕೆಲಸಗಾರ ಆ ಟ್ರೆಂಚಿನಲ್ಲಿ ನೆಟ್ಟಗೆ ನಿಂತಿರುವುದಿಲ್ಲ. ಪೈಪ್ ಜೋಡಿಸಲು ಮಂಡಿಯೂರಿ ಬಗ್ಗಿರುತ್ತಾನೆ. ಆಗ ಅವನ ತಲೆ, ಎದೆ, ಬೆನ್ನು ಎಲ್ಲವೂ ಅಂಚಿಗಿಂತ ಕೆಳಗೆ. ಆಳವನ್ನು ಟೇಪಿನಿಂದ ಅಳೆದರೆ ಆಗಲಿಲ್ಲ, ಒಳಗೆ ಯಾವ ಕೆಲಸ ಅನ್ನುವುದನ್ನೂ ಬರೆಯಬೇಕು.

ಮಣ್ಣು ಗಟ್ಟಿ ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವ ಮಾತು. ಜೇಡಿಮಣ್ಣನ್ನು ನೆಟ್ಟಗೆ ಕಡಿದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ನಿಜ. ಪಕ್ಕದ ಮಣ್ಣು ತೆಗೆದು ಒತ್ತಡ ಇಳಿದಾಗ, ಒಳಗಿನ ತೇವವು ಮಣ್ಣಿನ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಹೊತ್ತು ಹೋದ ಹಾಗೆ ಸುತ್ತಲಿನ ನೀರು ಒಳಗೆ ಬಂದು ಆ ಹಿಡಿತ ಸಡಿಲವಾಗುತ್ತದೆ. ಒಣಗಿದರೂ ಕಷ್ಟವೇ, ಬಿರುಕು ಬಿಡುತ್ತದೆ. ಬೆಳಿಗ್ಗೆ ನಿಂತಿದ್ದ ಗೋಡೆ ಮಾರನೇ ದಿನ ಬೀಳುವುದು ಹೀಗೆ. ಮೇಸ್ತ್ರಿಯ ಅನುಭವದ ಬಗ್ಗೆ ನನಗೆ ಗೌರವ ಇದೆ. ಆದರೆ ಗೋಡೆಗೆ ಹಾರೆ ತಟ್ಟಿ ಸದ್ದು ಕೇಳಿ ನಿಲ್ಲುತ್ತೆ ಅನ್ನುವುದು ಪರೀಕ್ಷೆ ಅಲ್ಲ. ನಾಳೆ ನೀರು ಎಲ್ಲಿಂದ ಬರುತ್ತದೆ ಅಂತ ಹಾರೆ ಹೇಳುವುದಿಲ್ಲ.

ನಿಮ್ಮದರಲ್ಲಿ ಇನ್ನೂ ದೊಡ್ಡ ವಿಷಯ ಆ ಹಳೇ ಪೈಪ್. ಅದನ್ನು ಹಾಕುವಾಗ ಅಗೆದು ಮುಚ್ಚಿದ್ದಾರೆ. ಅಂದರೆ ನಿಮ್ಮ ಟ್ರೆಂಚಿನ ಒಂದು ಬದಿ ಮೂಲ ಮಣ್ಣು, ಇನ್ನೊಂದು ಬದಿ ತುಂಬಿದ ಮಣ್ಣು ಇರಬಹುದು. ಮೊದಲ ಬಕೆಟ್ ಮೇಲೆ ಬಂದಾಗ ನೋಡಿ. ಬಣ್ಣ ಬೆರಕೆ ಇದ್ದರೆ, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕಂಡರೆ ಅದು ತುಂಬಿದ್ದು. ಹೆಂಟೆಯೊಂದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ. ಬೆರಳು ಸಲೀಸಾಗಿ ಒಳಗೆ ಹೋದರೆ 'ಗಟ್ಟಿ' ಅನ್ನುವುದನ್ನು ಅಳಿಸಿ. ಇದನ್ನೆಲ್ಲ ಮೇಲೆ ನಿಂತೇ ಮಾಡಿ, ಪರೀಕ್ಷೆ ಮಾಡಲು ಅಂತ ಒಳಗೆ ಇಳಿಯಬೇಡಿ. ಆ ಪೈಪ್ ಸೋರುತ್ತಿದೆಯೇ, ಟ್ರೆಂಚಿನ ಬುಡದಲ್ಲಿ ಒರತೆ ಇದೆಯೇ ನೋಡಿ.

ಆಮೇಲೆ ಅಂಚಿನ ಹಿಂದೆ ನಡೆದು ನೋಡಿ. ಕುಸಿಯುವ ಮುಂಚೆ ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯಂಥ ಬಿರುಕು ಬರುವುದುಂಟು. ಸಾಮಾನ್ಯವಾಗಿ ಅದು ಆಳದ ಅರ್ಧದಿಂದ ಮುಕ್ಕಾಲು ಪಾಲು ದೂರದಲ್ಲಿರುತ್ತದೆ. ನಿಮ್ಮ 1.4 ಮೀಟರಿಗೆ ಅಂದರೆ ಸುಮಾರು 70 ಸೆಂಟಿಮೀಟರಿನಿಂದ 1 ಮೀಟರ್. ಈಗ ಯೋಚಿಸಿ, ತೆಗೆದ ಮಣ್ಣನ್ನು ನೀವು ಎಲ್ಲಿ ಹಾಕುತ್ತೀರಿ? ಸರಿಯಾಗಿ ಅದೇ ಜಾಗದಲ್ಲಿ. ಭಾರವೂ ಬಿತ್ತು, ಬಿರುಕೂ ಮುಚ್ಚಿಹೋಯಿತು. ರಾಶಿ ಅಂಚಿನಿಂದ ಕನಿಷ್ಠ 0.6 ಮೀಟರ್ ದೂರ ಇರಲಿ ಅನ್ನುತ್ತದೆ ಓಶಾ. ನನಗೆ ಅದು ಸಾಲದು. ಟ್ರೆಂಚಿನ ಆಳದಷ್ಟಾದರೂ ದೂರ ಇಡಿ ಅಂತ ನಾನು ಹಟ ಹಿಡಿಯುತ್ತೇನೆ, ಅಂಚಿನ ನೆಲ ಕಣ್ಣಿಗೆ ಕಾಣುತ್ತಿರಲಿ ಅಂತಲೇ.

ಕ್ರಮಗಳ ಕಾಲಂ ಬರೆಯುವಾಗ ಮೊದಲ ಪ್ರಶ್ನೆ, ಮನುಷ್ಯ ಇಳಿಯಲೇಬೇಕಾ? ಪೈಪನ್ನು ಮೇಲೆಯೇ ಜೋಡಿಸಿ ಇಳಿಸಲು ಆದರೆ ಅರ್ಧ ಅಪಾಯ ಅಲ್ಲೇ ಮುಗಿಯಿತು. ಇಳಿಯಲೇಬೇಕು ಅಂದರೆ ಗೋಡೆಗಳನ್ನು ಇಳಿಜಾರಾಗಿ ಕಡಿಯಬೇಕು. ಸಡಿಲ ಮಣ್ಣಿಗೆ ಓಶಾ ಲೆಕ್ಕದಲ್ಲಿ 1 ಮೀಟರ್ ಆಳಕ್ಕೆ ಪಕ್ಕಕ್ಕೆ 1.5 ಮೀಟರ್. ನಿಮಗೆ ಒಂದೊಂದು ಬದಿಗೂ 2.1 ಮೀಟರ್ ಬೇಕು. ಹಳೇ ಪೈಪ್ ಇರುವ ಕಡೆ ಆ ಜಾಗ ಸಿಗುವುದಿಲ್ಲ ಅಂತ ಕಾಣುತ್ತದೆ. ಹಾಗಾದರೆ ಟ್ರೆಂಚ್ ಬಾಕ್ಸ್ (ಒಳಗಿರುವವರನ್ನು ಕಾಯುವ ಗಟ್ಟಿ ಪೆಟ್ಟಿಗೆ) ಅಥವಾ ಶೋರಿಂಗ್, ಬೇರೆ ದಾರಿ ಇಲ್ಲ. ಶೋರಿಂಗ್ ಕೂರಿಸುವುದು ಮೇಲಿನಿಂದ ಕೆಳಕ್ಕೆ, ಬಿಚ್ಚುವುದು ಕೆಳಗಿನಿಂದ ಮೇಲಕ್ಕೆ. ಇದನ್ನೂ ಬರೆಯಿರಿ, ಯಾಕೆಂದರೆ ಬಿಚ್ಚುವ ದಿನ ಎಲ್ಲರಿಗೂ ಅವಸರ.

'ಎಚ್ಚರಿಕೆ ವಹಿಸುವುದು' ಅನ್ನುವ ಸಾಲು ಹೊಡೆದುಹಾಕಿ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ಬುಡದಲ್ಲಿ ನೀರು ಕಂಡರೆ, ಅಂಚಿನಲ್ಲಿ ಬಿರುಕು ಕಂಡರೆ, ಸ್ವಲ್ಪ ಮಣ್ಣು ಉದುರಿದರೂ ಎಲ್ಲರೂ ಮೇಲೆ ಬರಬೇಕು, ಇಂಥವರು ನೋಡಿ ಹೇಳುವವರೆಗೆ ಯಾರೂ ಇಳಿಯುವಂತಿಲ್ಲ. 'ಇಂಥವರು' ಅನ್ನುವಲ್ಲಿ ಹುದ್ದೆ ಸಾಲದು, ಒಬ್ಬರ ಹೆಸರು ಬೇಕು. ಅವರು ಆ ದಿನ ಸೈಟಿನಲ್ಲಿ ಇರಬೇಕು. ಕೆಲಸ ನಿಲ್ಲಿಸುವ ಅಧಿಕಾರವೂ ಇರಬೇಕು. ಪ್ರತಿ ಪಾಳಿ ಶುರುವಾಗುವ ಮುಂಚೆ ಅವರು ನೋಡಿ ಬರೆದಿಡಬೇಕು. ಮಳೆ ಬಂದರೆ, ಪಕ್ಕದಲ್ಲಿ ಭಾರೀ ಗಾಡಿ ಓಡಾಡಿದರೆ ಮತ್ತೆ ನೋಡಬೇಕು. ಇದು ಯಾವ ಹಳೇ ಕಾಪಿಯಲ್ಲೂ ಸಿಗುವುದಿಲ್ಲ. ದುಡ್ಡಿಗೆ ನಮೂನೆ ಮಾರುವವರು ನಿಮ್ಮ ಮಣ್ಣನ್ನು ನೋಡಿಯೇ ಇಲ್ಲ ಅಲ್ವಾ?

ಪ್ರಶ್ನೆ: ನೆಲದಡಿಯ ಕೇಬಲ್ ಹುಡುಕುವ ಲೊಕೇಟರ್ ಇದೆ. ಕೇಬಲ್, ಪೈಪುಗಳ ನಕ್ಷೆ ತರಿಸಲೇಬೇಕಾ?

ಬೇಕು. ಕರೆಂಟ್ ಹರಿಯದ ಕೇಬಲ್ ಲೊಕೇಟರಿನ ಪವರ್ ಮೋಡಿನಲ್ಲಿ (ಹರಿಯುವ ಕರೆಂಟನ್ನು ಹಿಡಿದು ಹುಡುಕುವ ವಿಧಾನ) ಸಿಗದೇ ಹೋಗಬಹುದು, ಪ್ಲಾಸ್ಟಿಕ್ ಪೈಪ್ ಅಂತೂ ಸಿಗುವುದೇ ಇಲ್ಲ. ನಕ್ಷೆಯನ್ನೂ ಪೂರ್ತಿ ನಂಬಬೇಡಿ. ಅನುಮಾನ ಇರುವ ಕಡೆ ಸಲಿಕೆಯಲ್ಲಿ, ಕೈಯಿಂದ ಅಗೆದು ನೋಡಿ. ಪಿಕಾಸಿ ಬೇಡ.

ಪ್ರಶ್ನೆ: ಮಳೆ ನಿಂತು ಎಷ್ಟು ಗಂಟೆ ಆದ ಮೇಲೆ ಇಳಿಯಬಹುದು?

ಗಂಟೆ ಲೆಕ್ಕ ಇಲ್ಲ. ನೋಡಿದ ಮೇಲೆ.

ಪ್ರಶ್ನೆ: ಆನ್‌ಲೈನಿನಲ್ಲಿ ಎರಡು ಗಂಟೆಯ ಕೋರ್ಸ್ ಮಾಡಿ ಸರ್ಟಿಫಿಕೇಟ್ ತಗೊಂಡಿದ್ದೇನೆ. ನಾನೇ ಸಹಿ ಹಾಕಬಹುದಾ?

ಬೇಡ. ತಿಳಿದವರ ಜೊತೆ ಗುಂಡಿಗಳ ಅಂಚಿನಲ್ಲಿ ಸಾಕಷ್ಟು ದಿನ ನಿಂತ ಮೇಲೆ ಕೇಳಿ.

ಪ್ರಶ್ನೆ: ನೀರು ತೆಗೆಯಲು ಡೀಸೆಲ್ ಪಂಪನ್ನು ಗುಂಡಿಯೊಳಗೇ ಇಟ್ಟರೆ ಆಗುತ್ತಾ?

ಆಗುವುದಿಲ್ಲ. ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ. ಗುಂಡಿಯಲ್ಲಿ ಗಾಳಿ ಆಡುವುದಿಲ್ಲ, ಹಾಗಾಗಿ ಅಲ್ಲೇ ತುಂಬಿಕೊಳ್ಳುತ್ತದೆ. ಪಂಪ್ ಮೇಲಿರಲಿ, ಪೈಪ್ ಮಾತ್ರ ಕೆಳಗೆ. ಇಂಜಿನ್ನಿನ ಹೊಗೆಯೂ ಗುಂಡಿಯ ಕಡೆ ಬೀಸದ ಹಾಗೆ ಇಡಿ. ಹಳೇ ಒಳಚರಂಡಿ ಹತ್ತಿರವಾದರೆ ಇಳಿಯುವ ಮುಂಚೆ ಗ್ಯಾಸ್ ಮೀಟರಿನಲ್ಲಿ ನೋಡಿ; ಆಮ್ಲಜನಕ ಶೇಕಡಾ 19.5ಕ್ಕಿಂತ ಕಡಿಮೆ ಇದ್ದರೆ ಯಾರೂ ಇಳಿಯಬಾರದು.

ಪ್ರಶ್ನೆ: ತುರ್ತು ಕ್ರಮದ ಕಾಲಂನಲ್ಲಿ 'ಯಾರಾದರೂ ಹೂತುಹೋದರೆ ಜೆಸಿಬಿಯಿಂದ ಕೂಡಲೇ ಹೊರತೆಗೆಯುವುದು' ಅಂತ ಬರೆದಿದ್ದೇವೆ. ಸರೀನಾ?

ದಯವಿಟ್ಟು ಇವತ್ತೇ ಅಳಿಸಿ. ಮಣ್ಣಿನಡಿ ಮನುಷ್ಯ ಎಲ್ಲಿದ್ದಾನೆ ಅಂತ ಬಕೆಟ್ಟಿಗೆ ಗೊತ್ತಾಗುವುದಿಲ್ಲ. ಯಂತ್ರದ ಭಾರಕ್ಕೆ ಉಳಿದ ಗೋಡೆಯೂ ಬೀಳಬಹುದು. ಗಾಬರಿಯಲ್ಲಿ ಜೊತೆಗಾರರು ಧುಮುಕುತ್ತಾರೆ, ಎರಡನೇ ಕುಸಿತದಲ್ಲಿ ಅವರೂ ಸಿಗುತ್ತಾರೆ. ಹೀಗೆ ಬರೆಯಿರಿ: ಯಂತ್ರಗಳೆಲ್ಲ ಬಂದ್. ಯಾರೂ ಇಳಿಯುವಂತಿಲ್ಲ. ಅಗ್ನಿಶಾಮಕ ದಳಕ್ಕೆ ಫೋನ್, ಮಾಡುವವರು ಇಂಥವರು. ಆ ಮನುಷ್ಯ ಕೊನೆಯದಾಗಿ ನಿಂತಿದ್ದ ಜಾಗವನ್ನು ಕಂಡವರು ಸೈಟಿನಲ್ಲೇ ಇದ್ದು, ಬಂದವರಿಗೆ ದೂರದಿಂದಲೇ ತೋರಿಸಬೇಕು.