ಮೋರ್ಸ್ ಕಲಿಯಲು ಯಾವ ಕೀ ಕೊಳ್ಳಲಿ?

ಪ್ರಶ್ನೆ: ಹ್ಯಾಮ್ ರೇಡಿಯೊ ಎಂಬ ಹವ್ಯಾಸಿ ರೇಡಿಯೊಗಾಗಿ, ಅಕ್ಷರಗಳನ್ನು ಚುಕ್ಕೆ-ಗೆರೆಗಳಲ್ಲಿ ಹೇಳುವ ಮೋರ್ಸ್ ಸಂಕೇತದ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಕಿವಿಗೆ ಬಿದ್ದಾಗ ಮಾತ್ರ ಒಂದಕ್ಷರವೂ ತಿಳಿಯುವುದಿಲ್ಲ. ಸಂಕೇತ ಒತ್ತಿ ಕಳಿಸಲು ಸಾದಾ ಕೀ ಕೊಳ್ಳಲೋ, ಪ್ಯಾಡಲ್ ಕೊಳ್ಳಲೋ?
– ಓದುಗ, ನವನಗರ, ಬಾಗಲಕೋಟೆ

ಉತ್ತರ: ಮೊದಲು ಆ ಪಟ್ಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಡಿ. ತಂತಿ ಕಚೇರಿಗೆ ಸೇರಿದ ಹೊಸತರಲ್ಲಿ ನಾನೂ ಚುಕ್ಕೆ, ಗೆರೆ ಎಣಿಸುತ್ತ ಕುಳಿತಿದ್ದೆ. ಮೂರನೆಯ ಅಕ್ಷರ ಎಣಿಸುವಷ್ಟರಲ್ಲಿ ತಂತಿಯೇ ಮುಗಿದಿರುತ್ತಿತ್ತು! ಅಕ್ಷರವನ್ನು ತಾಳದಂತೆ ಕೇಳಬೇಕು. ಗೆರೆಗೆ ‘ದಾ’, ಚುಕ್ಕೆಗೆ ‘ದಿ’ ಎನ್ನಿ: ‘ಕೆ’ ಎಂದರೆ ದಾ-ದಿ-ದಾ, ‘ಎಂ’ ಎಂದರೆ ದಾ-ದಾ. ಒಂದೊಂದೇ ಅಕ್ಷರ ಸೇರಿಸುತ್ತ ಕಿವಿಯಿಂದ ಕಲಿಯುವ ಕಾಖ್ ಪದ್ಧತಿಯಲ್ಲಿ ಈ ಎರಡರಿಂದಲೇ ಆರಂಭ. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಇನ್ನೊಂದು. ಅಕ್ಷರದ ವೇಗ ನಿಮಿಷಕ್ಕೆ 15–20 ಪದಗಳಷ್ಟು ಇರಲಿ, ಅಕ್ಷರಗಳ ನಡುವಿನ ಬಿಡುವನ್ನು ಹಿಗ್ಗಿಸಿ. ನಿಧಾನವಾಗಿ ಎಳೆದರೆ ಮತ್ತೆ ಎಣಿಕೆಗೇ ಬೀಳುತ್ತೀರಿ.

ಕೀ ವಿಷಯದಲ್ಲಿ ನಾನು ಹಳೆಯ ಕಾಲದವನು: ಸಾದಾ ಕೀಯನ್ನೇ ಕೊಳ್ಳಿ. ಒಂದು ಗೆರೆ ಮೂರು ಚುಕ್ಕೆಗಳಷ್ಟು ಉದ್ದ. ಆ ಅಳತೆ ಕೈಗೆ ಹತ್ತುವುದು ಅದರಲ್ಲಿಯೇ. ಬೆರಳಿನಿಂದ ಕುಟ್ಟಬೇಡಿ, ಮಣಿಕಟ್ಟು ಆಡಲಿ. ನನ್ನಾಕೆ ಜೋಳದ ರೊಟ್ಟಿ ಬಡಿಯುವುದನ್ನು ನೋಡಿಯೇ ನಾನು ಈ ಹದ ಕಲಿತದ್ದು. ಕೀ ಜಾರಬಾರದು, ನನ್ನದನ್ನು ಇಳಕಲ್ಲಿನ ಕೆಂಪು ಗ್ರಾನೈಟ್ ತುಂಡಿಗೆ ಬಿಗಿದಿದ್ದೇನೆ.

ಪ್ಯಾಡಲ್‌ಗೆ ಎಲೆಕ್ಟ್ರಾನಿಕ್ ಕೀಯರ್ ಬೇಕು. ಒಂದು ಬದಿ ಒತ್ತಿದರೆ ಚುಕ್ಕೆ, ಇನ್ನೊಂದು ಬದಿ ಗೆರೆ. ಉದ್ದವನ್ನು ಯಂತ್ರವೇ ಅಳೆಯುತ್ತದೆ. ವೇಗ ಹೆಚ್ಚಿದ ಮೇಲೆ ಕೈಗೆ ಅದೇ ಸುಖ.

ಮನೆಯಲ್ಲಿ ಬಜರ್ ಕಟ್ಟಿಕೊಂಡು ಅಭ್ಯಾಸ ಮಾಡಲು ಪರವಾನಗಿ ಬೇಡ. ಗಾಳಿಗೆ ಸಂಕೇತ ಬಿಡಲು ಮಾತ್ರ ಬೇಕು.